ಅವರೆಕಾಯಿಯ ಕಾಲಕ್ಕೆ ಅರಳುವ ಕ್ಯಾಮೆಲಿಯ

ಮಾರ್ಗಶಿರದಲ್ಲಿ ನಂದಿಯ ಕಡೆಯಿಂದ ಇಳಿದ ಮಂಜು ಬೆಳಿಗ್ಗೆ ಎಂಟಾದರೂ ಚಿಕ್ಕಬಳ್ಳಾಪುರದ ಮನೆಗಳ ಮೇಲಿಂದ ಕದಲದ ದಿನಗಳಿರುತ್ತವೆ. ಅಂಥ ಒಂದು ಬೆಳಿಗ್ಗೆ ನಾನು ಮೊರದ ತುಂಬ ಅವರೆಕಾಯಿ ಹಾಕಿಕೊಂಡು ಹಿತ್ತಲ ಕಟ್ಟೆಯ ಮೇಲೆ ಸುಲಿಯುತ್ತ ಕುಳಿತಿದ್ದೆ. ಪಕ್ಕದ ಮನೆಯಾಕೆ ಕಾಂಪೌಂಡಿನ ಮೇಲಿಂದ ಬಗ್ಗಿ, "ಟೀಚರಮ್ಮ, ನಿಮ್ಮ ಟೀ ಗಿಡ ಹೂವೆಲ್ಲ ಉದುರಿಸಿಬಿಟ್ಟಿದೆ, ಬಂದು ಗುಡಿಸಿ ಹಾಕಲಾ?" ಎಂದಳು. "ಬೇಡಮ್ಮ, ಹಾಗೇ ಇರಲಿ" ಎಂದೆ. ಗಿಡದ ಬುಡದಲ್ಲಿ ತಿಳಿಗುಲಾಬಿ ಎಸಳುಗಳು ಇಬ್ಬನಿಯಲ್ಲಿ ನೆಂದು ಕೆಮ್ಮಣ್ಣಿಗೆ ಅಂಟಿಕೊಂಡಿದ್ದವು. ಅವುಗಳನ್ನು ಅಲ್ಲಿಗೆ ಬೀಳಿಸಲು ನನಗೆ ಎಂಟು ವರ್ಷ ಹಿಡಿದಿತ್ತು. ಅರ್ಧ ಗಂಟೆಯಲ್ಲಿ ಗುಡಿಸಿ ಹಾಕಲು ಮನಸ್ಸಾಗಲಿಲ್ಲ.

ಆಕೆ ಅದನ್ನು ಟೀ ಗಿಡವೆನ್ನುವುದು ನಾನೇ ಒಮ್ಮೆ ಹೇಳಿದ ಮಾತಿನಿಂದ, ಮತ್ತು ಅದು ಪೂರಾ ತಪ್ಪೂ ಅಲ್ಲ. ನಾವು ಕುಡಿಯುವ ಚಹಾದ ಗಿಡ ಕ್ಯಾಮೆಲಿಯ ಸೈನೆನ್ಸಿಸ್. ನನ್ನ ಹಿತ್ತಲಿನದು ಅದೇ ಕುಲದ ಕ್ಯಾಮೆಲಿಯ ಸಸಾಂಕ್ವ. 1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಚಹಾವನ್ನು ಬೇರೆ ಕುಲದಲ್ಲಿಯೂ ಜಪಾನಿನ ಕ್ಯಾಮೆಲಿಯವನ್ನು ಬೇರೆ ಕುಲದಲ್ಲಿಯೂ ಇರಿಸಿದ್ದನು. 1887ರಲ್ಲಿ ಕುಂಟ್ಸೆ ಎಂಬ ಜರ್ಮನ್ ಸಸ್ಯವಿಜ್ಞಾನಿ ಚಹಾಕ್ಕೆ ಈಗಿನ ಹೆಸರನ್ನು ಕೊಟ್ಟನು. ಕುಲದ ಹೆಸರು ಮನಿಲಾದಲ್ಲಿ ಔಷಧಾಲಯ ನಡೆಸುತ್ತ ಅಲ್ಲಿನ ಗಿಡಮೂಲಿಕೆಗಳನ್ನು ದಾಖಲಿಸಿದ ಗೇಯೋರ್ಗ್ ಯೋಸೆಫ್ ಕಾಮೆಲ್ ಎಂಬ ಜೆಸ್ವಿಟ್ ಕ್ರೈಸ್ತ ಸಂಘದ ಸದಸ್ಯನದು. ಸಸಾಂಕ್ವ ಎಂಬುದರ ಕಥೆ ನನಗೆ ಇನ್ನೂ ಇಷ್ಟ. ಬೆಟ್ಟದ ಚಹಾ ಹೂವು ಎಂಬರ್ಥದ ‘ಸನ್ಸಕ’ ಎಂಬ ಪದ ಜಪಾನೀಯರ ಬಾಯಲ್ಲಿ ಅಕ್ಷರಗಳು ಹಿಂದುಮುಂದಾಗಿ ‘ಸಝಂಕ’ ಆಯಿತು. ವಾರಾಣಸಿ ಬನಾರಸ್ ಆದ ಹಾಗೆಯೇ. 1775ರಲ್ಲಿ ಜಪಾನಿಗೆ ಹೋದ ಥುನ್‌ಬೆರ್ಗ್ ಎಂಬ ಸ್ವೀಡನ್ನಿನ ವೈದ್ಯ ಆ ಹೆಸರನ್ನೇ ಲ್ಯಾಟಿನ್ನಿಗೆ ಹೊಂದಿಸಿ 1784ರಲ್ಲಿ ಅಚ್ಚು ಹಾಕಿಸಿದನು.

ನನ್ನ ಮೊದಲ ಗಿಡ ಸಸಾಂಕ್ವವಾಗಿರಲಿಲ್ಲ. 2016ರಲ್ಲಿ ಊಟಿಗೆ ಹೋಗಿದ್ದಾಗ ಒಂದು ನರ್ಸರಿಯಲ್ಲಿ ಕಂಡ ಕ್ಯಾಮೆಲಿಯ ಜಪಾನಿಕ ಅದು. ಗುಲಾಬಿಗಿಂತ ಅಚ್ಚುಕಟ್ಟಾಗಿ, ಎಸಳ ಮೇಲೆ ಎಸಳು ಜೋಡಿಸಿಟ್ಟಂತಿದ್ದ ಕೆಂಪು ಹೂವನ್ನು ನೋಡಿದ ಮೇಲೆ ಬರಿಗೈಯಲ್ಲಿ ಬರಲಾಗಲಿಲ್ಲ. ಬಸ್ಸಿನಲ್ಲಿ ಉದ್ದಕ್ಕೂ ತೊಡೆಯ ಮೇಲಿಟ್ಟುಕೊಂಡು ತಂದು, ಪಶ್ಚಿಮದ ಕಾಂಪೌಂಡಿನ ಮಗ್ಗುಲಲ್ಲಿ ಎರಡಡಿ ಗುಂಡಿ ತೋಡಿ, ಕೊಟ್ಟಿಗೆ ಗೊಬ್ಬರ ತುಂಬಿ, ಗುಲಾಬಿಗೂ ದಾಸವಾಳಕ್ಕೂ ಹೇಗೋ ಹಾಗೆ ನೆಟ್ಟೆ. ಊಟಿ ಇರುವುದು 2,240 ಮೀಟರ್ ಎತ್ತರದಲ್ಲಿ. ನಮ್ಮ ನಂದಿಬೆಟ್ಟದ ನೆತ್ತಿಯೇ 1,478 ಮೀಟರ್, ಅದರ ಬುಡದಲ್ಲಿರುವ ನಮ್ಮ ಊರು ಸುಮಾರು 900 ಮೀಟರ್. ಈ ಲೆಕ್ಕವನ್ನು ಜೀವಶಾಸ್ತ್ರದ ಮೇಡಂ ಆಗಿ ಮೂವತ್ತು ವರ್ಷ ಪಾಠ ಹೇಳಿದ ನಾನು ಗಿಡ ಕೊಳ್ಳುವ ಮೊದಲೇ ಹಾಕಬೇಕಿತ್ತು.

ಮೊದಲ ಬೇಸಿಗೆಯಲ್ಲೇ ಎಲೆಗಳು ಹಳದಿಯಾದವು. ಹಣ್ಣಾಗಿ ಉದುರುವ ಹಳೆಯ ಎಲೆಯ ಹಳದಿಯಾಗಿದ್ದರೆ ಚಿಂತಿಸುತ್ತಿರಲಿಲ್ಲ; ಇಲ್ಲಿ ಕೆಳಗಿನ ಎಲೆಗಳು ಹಸಿರಾಗಿಯೇ ಇದ್ದು, ತುದಿಯ ಎಳೆಯ ಎಲೆಗಳು ಬಿಳಿಚಿಕೊಂಡು, ನರಗಳು ಮಾತ್ರ ಹಸಿರು ದಾರದಲ್ಲಿ ಕಸೂತಿ ಹಾಕಿದಂತೆ ಎದ್ದು ಕಾಣುತ್ತಿದ್ದವು. ಗೊಬ್ಬರ ಸಾಲದೆಂದುಕೊಂಡು ಇನ್ನಷ್ಟು ಹಾಕಿದೆ. ಹಿರಿಯರೊಬ್ಬರು ಹೇಳಿದರೆಂದು ನೀರೊಲೆಯ ಬೂದಿಯನ್ನೂ ಎರಡು ಬೊಗಸೆ ಬುಡಕ್ಕೆ ಚೆಲ್ಲಿದೆ. ಅದಕ್ಕಿಂತ ಕೆಟ್ಟ ಉಪಚಾರವನ್ನು ಈ ಗಿಡಕ್ಕೆ ಮಾಡಲು ಸಾಧ್ಯವಿರಲಿಲ್ಲವೆಂದು ತಿಳಿದದ್ದು ಆಮೇಲೆ.

ತಿಳಿಸಿದ್ದು ಅಡುಗೆಮನೆಯ ಕೆಟಲ್. ಅದರ ತಳದಲ್ಲಿ ಬೆಳ್ಳಗೆ ಗಟ್ಟಿಯಾಗಿ ಕೂತಿದ್ದ ಸುಣ್ಣದ ಪದರವನ್ನು ಹುಣಸೆಹಣ್ಣು ಹಾಕಿ ಉಜ್ಜುತ್ತಿದ್ದಾಗ, ಇದೇ ನೀರನ್ನಲ್ಲವೇ ಗಿಡಕ್ಕೂ ಹಾಕುತ್ತಿರುವುದು ಎಂಬುದು ಹೊಳೆಯಿತು. ಶಾಲೆಯ ಪ್ರಯೋಗಾಲಯದಿಂದ ಹುಳಿ–ಕ್ಷಾರ ಅಳೆಯುವ ನಾಲ್ಕು ಪಿಎಚ್ ಕಾಗದದ ಪಟ್ಟಿಗಳನ್ನು ತಂದು ಒಂದನ್ನು ನಮ್ಮ ಕೊಳವೆಬಾವಿಯ ನೀರಿನಲ್ಲಿ ಅದ್ದಿದೆ. ಬಣ್ಣ ಎಂಟರ ಮನೆಗೆ ಬಂದು ನಿಂತಿತು; ಏಳು ದಾಟಿದರೆ ಕ್ಷಾರ. ಕ್ಯಾಮೆಲಿಯಕ್ಕೆ ಬೇಕಾದದ್ದು ಐದೂವರೆಯಿಂದ ಆರೂವರೆಯೊಳಗಿನ ಹುಳಿಮಣ್ಣು. ನಮ್ಮ ಕೆಮ್ಮಣ್ಣಿನ ಬಣ್ಣವೇ ಕಬ್ಬಿಣದ ಬಣ್ಣ. ಆದರೆ ಮಣ್ಣು ಕ್ಷಾರವಾದಂತೆ ಆ ಕಬ್ಬಿಣ ನೀರಿನಲ್ಲಿ ಕರಗದೆ ಕೂತುಬಿಡುತ್ತದೆ, ಬೇರು ಅದನ್ನು ಹೀರಲಾರದು, ಎಲೆ ಹಸಿರು ಕಟ್ಟಲಾರದು. ಮನೆಯೊಳಗೆ ಅಕ್ಕಿ ಇದ್ದೂ ಬೀಗದ ಕೈ ಕಳೆದುಹೋದವರ ಹಸಿವಿನಂಥದ್ದು ಅದು. ನಾನು ಹಾಕಿದ ಬೂದಿ ಆ ಬೀಗಕ್ಕೆ ಇನ್ನೊಂದು ಬೀಗ ಸೇರಿಸಿತ್ತು. ಮಗ್ಗುಲಿನ ಕಾಂಪೌಂಡಿನ ಸಿಮೆಂಟಿನಿಂದ ಪ್ರತಿ ಮಳೆಯಲ್ಲೂ ಇಳಿಯುವ ಸುಣ್ಣ ಮೂರನೆಯದು.

ಕಬ್ಬಿಣದ ಲವಣವಾದ ಅನ್ನಭೇದಿಯನ್ನು ನೀರಿನಲ್ಲಿ ಕರಗಿಸಿ ಎಲೆಗಳಿಗೆ ಸಿಂಪಡಿಸಿದಾಗ ಎರಡು ವಾರ ಹಸಿರು ಮರಳಿತು. ಬುಡಕ್ಕೆ ಹಾಕಿದ್ದು ಸುಣ್ಣದ ಪಾಲಾಯಿತು. ಅಂಗಡಿಯಲ್ಲಿ ಸಿಗುವ, ಕರಗಿಯೇ ಉಳಿಯುವಂತೆ ಮಾಡಿದ ಚೀಲೇಟೆಡ್ ಕಬ್ಬಿಣ ಸ್ವಲ್ಪ ಹೆಚ್ಚು ದಿನ ನಿಲ್ಲುತ್ತದೆ, ಆದರೆ ನೀರು ಬದಲಾಗದೆ ಇವೆಲ್ಲ ಜ್ವರದ ಮಾತ್ರೆಗಳೇ. ಆ ಜಪಾನಿಕ ಮೂರು ವರ್ಷ ಬದುಕಿ, ಕೊನೆಯ ವರ್ಷ ಹನ್ನೊಂದು ಮೊಗ್ಗು ಹಿಡಿಯಿತು. ಗೋಲಿಗಾತ್ರದ ಆ ಹನ್ನೊಂದೂ ಸಂಕ್ರಾಂತಿಯವರೆಗೆ ಹಾಗೇ ಇದ್ದು, ಕಂದಾಗಿ, ಮುಟ್ಟಿದರೆ ಕೈಗೆ ಬಂದವು. ಒತ್ತೆಸಳಿನ ಜಪಾನಿಕದ ಮೊಗ್ಗು ಬಿಚ್ಚಿಕೊಳ್ಳಲು ವಾರಗಟ್ಟಲೆ ಬಿಡದ ಚಳಿ ಬೇಕು. ನಮ್ಮಲ್ಲಿ ಬೆಳಗಿನ ಜಾವ ಹಲ್ಲು ಕಡಿಯುವಷ್ಟು ಚಳಿಯಿದ್ದರೂ ಮಧ್ಯಾಹ್ನದ ಬಿಸಿಲಿಗೆ ಸ್ವೆಟರ್ ಬಿಚ್ಚಿಡಬೇಕು.

ಸಸಾಂಕ್ವವನ್ನು 2019ರಲ್ಲಿ ಗುಡ್ಡಗಾಡಿನ ನರ್ಸರಿಯೊಂದರಿಂದ ಪಾರ್ಸೆಲ್ಲಿನಲ್ಲಿ ತರಿಸಿದೆ. ಬಂದದ್ದು ಒಂದು ಗೇಣಿನ ಎರಡು ಕಡ್ಡಿಗಳು, ಎರಡರಿಂದ ಸೇರಿ ಒಂಬತ್ತು ಎಲೆ. ಇದರ ತವರು ಜಪಾನಿನ ದಕ್ಷಿಣದ ಶಿಕೋಕು, ಕ್ಯೂಶು ಮತ್ತು ಅಲ್ಲಿಂದ ಓಕಿನಾವದವರೆಗಿನ ದ್ವೀಪಗಳು. ಜಪಾನಿಕದಷ್ಟು ಚಳಿ ಕೇಳುವುದಿಲ್ಲ, ಬಿಸಿಲು ಹೆಚ್ಚು ತಾಳುತ್ತದೆ, ಬೇರು ಕೊಳೆಸುವ ಶಿಲೀಂಧ್ರಕ್ಕೂ ಬೇಗ ಬಗ್ಗುವುದಿಲ್ಲ. ಅದಕ್ಕೇ ನಾಜೂಕಿನ ತಳಿಗಳನ್ನು ಇದರ ಬುಡಕ್ಕೆ ಕಸಿ ಕಟ್ಟುವುದುಂಟು. ಎಲ್ಲಕ್ಕಿಂತ ಮುಖ್ಯವಾಗಿ, ಇದು ಹಗಲು ಕಿರಿದಾಗುತ್ತ ಬಂದಾಗ, ಅಕ್ಟೋಬರ್‌ನಿಂದ ಜನವರಿಯೊಳಗೆ, ಹೂ ಬಿಡುವ ಗಿಡ. ಅಂದರೆ ನಮ್ಮಲ್ಲಿ ಸ್ವಾತಿ ಮಳೆ ಮುಗಿದು ಸೊಗಡಿನ ಅವರೆ ಮಾರುಕಟ್ಟೆಗೆ ಬರುವ ಕಾಲ.

ಈ ಸಲ ನೆಲವನ್ನು ನಂಬಲಿಲ್ಲ. ಇನ್ನೂರು ಲೀಟರಿನ ಪ್ಲಾಸ್ಟಿಕ್ ಡ್ರಮ್ಮೊಂದನ್ನು ಅಡ್ಡಲಾಗಿ ಎರಡು ಹೋಳು ಮಾಡಿಸಿ, ತಳಕ್ಕೆ ಹೆಬ್ಬೆರಳಿನಷ್ಟು ದಪ್ಪದ ಹತ್ತು ತೂತು ಕೊರೆಸಿ, ಇಟ್ಟಿಗೆಗಳ ಮೇಲೆ ಎತ್ತರಿಸಿ ಇಟ್ಟೆ. ಎರಡು ಪಾಲು ಕೆಮ್ಮಣ್ಣು, ಎರಡು ಪಾಲು ತೆಂಗಿನ ನಾರಿನ ಪುಡಿ, ಒಂದೊಂದು ಪಾಲು ದಪ್ಪ ಮರಳು ಮತ್ತು ಮಾವು–ಹಲಸಿನ ತರಗೆಲೆ ಕೊಳೆಸಿದ ಗೊಬ್ಬರ. ನಾರಿನ ಪುಡಿಯಲ್ಲಿ ಉಪ್ಪಿರುತ್ತದೆ. ಮೂರು ಸಲ ನೆನೆಸಿ ಹಿಂಡದೆ ಹಾಕಬಾರದು. ನೆಡುವಾಗ ಬೇರಿನ ಉಂಡೆಯ ನೆತ್ತಿ ಮಣ್ಣಿನ ಮಟ್ಟಕ್ಕಿಂತ ಒಂದು ಬೆರಳು ಮೇಲೇ ಇರಬೇಕು. ಬದನೆ, ಟೊಮ್ಯಾಟೊ ಸಸಿಗಳನ್ನು ಕತ್ತಿನವರೆಗೆ ಹೂತು ನೆಟ್ಟು ಅಭ್ಯಾಸವಾದ ಕೈಗೆ ಇದು ಸುಲಭವಾಗಿ ಬರುವುದಿಲ್ಲ, ಆದರೆ ಈ ಗಿಡದ ಬೇರುಗಳು ಮೇಲ್ಪದರದಲ್ಲೇ ಬಲೆಯಂತೆ ಹರಡಿ ಉಸಿರಾಡುವಂಥವು, ಹೂತರೆ ಉಸಿರು ಕಟ್ಟುತ್ತದೆ. ಮೇಲೆ ಮೂರು ಬೆರಳು ದಪ್ಪಕ್ಕೆ ತರಗೆಲೆಯ ಹೊದಿಕೆ, ಕಾಂಡಕ್ಕೆ ತಾಗದ ಹಾಗೆ. ಜಾಗ ಹೊಂಗೆ ಮರದ ಪೂರ್ವದ ಮಗ್ಗುಲು. ಬೆಳಗಿನ ಬಿಸಿಲು ಹತ್ತೂವರೆಯವರೆಗೆ, ಆಮೇಲೆ ಹೊಂಗೆಯ ನೆರಳು. ಹೊಂಗೆ ಶಿವರಾತ್ರಿಯ ಆಸುಪಾಸಿನಲ್ಲಿ ಎಲೆ ಉದುರಿಸಿ ಯುಗಾದಿಗೆ ಮತ್ತೆ ಚಿಗುರಿ ನಿಲ್ಲುವುದರಿಂದ, ಬಿಸಿಲು ಸುಡುವ ಹೊತ್ತಿಗೆ ಹೊಸ ಕೊಡೆ ತಯಾರಾಗಿರುತ್ತದೆ. ಶೇಡ್ ನೆಟ್ಟಿಗೆ ಖರ್ಚು ಮಾಡಬೇಕಾಗಿ ಬರಲಿಲ್ಲ.

ಉಳಿದದ್ದು ನೀರು. ಈ ಜಿಲ್ಲೆಯಲ್ಲಿ ಸಾವಿರ ಅಡಿ ಕೊರೆದೂ ಧೂಳು ಕಂಡವರಿದ್ದಾರೆ. ಬಾಗೇಪಲ್ಲಿ, ಗುಡಿಬಂಡೆಯ ಕಡೆ ಕೊಳವೆಬಾವಿಯ ಫ್ಲೋರೈಡಿನಿಂದ ಮಕ್ಕಳ ಹಲ್ಲು ಕಂದಾಗಿರುವುದನ್ನು ನಾನು ತರಗತಿಯಲ್ಲಿ ಕಣ್ಣಾರೆ ಕಂಡಿದ್ದೇನೆ. ಬೆಂಗಳೂರಿನ ಕೊಳಚೆ ನೀರನ್ನು ಶುದ್ಧಗೊಳಿಸಿ ಹೆಬ್ಬಾಳ–ನಾಗವಾರ ಕಣಿವೆಯಿಂದ ನಮ್ಮ ಕೆರೆಗಳಿಗೆ ಹರಿಸುತ್ತಿರುವ ಕಾಲದಲ್ಲಿ ಜಪಾನಿನ ಹೂವಿಗೆ ನೀರೆರೆಯುವುದು ಸರಿಯೇ ಎಂಬ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಅದಕ್ಕೆ ಉತ್ತರವಾಗಿ ಲೆಕ್ಕವನ್ನೇ ಹಾಕಿದೆ. ಒಂದು ಚದರ ಮೀಟರ್ ತಾರಸಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ನಮ್ಮ ತಾರಸಿ ಹೆಚ್ಚುಕಡಿಮೆ ನೂರು ಚದರ ಮೀಟರ್. ಹತ್ತು ಮಿಲಿಮೀಟರಿನ ಒಂದು ಹದ ಮಳೆಗೆ ಸಾವಿರ ಲೀಟರ್ ಮೋರಿಗೆ ಹೋಗುತ್ತಿತ್ತು. ಎರಡು ಗಿಡಗಳಿಗೆ ಫೆಬ್ರವರಿಯಿಂದ ಮೇ ಮುಗಿಯುವವರೆಗೆ ದಿನ ಬಿಟ್ಟು ದಿನ ಐದೈದು ಲೀಟರ್ ಎಂದರೂ ಒಟ್ಟು ಆರುನೂರು ಲೀಟರ್. ಸಾವಿರ ಲೀಟರಿನ ಒಂದು ಸಿಂಟೆಕ್ಸ್ ಟ್ಯಾಂಕನ್ನು ತಾರಸಿಯ ಪೈಪಿನ ಕೆಳಗೆ ಕೂರಿಸಿ, ಮೊದಲ ಮಳೆಯ ಕೊಳೆ ಹೊರಗೆ ಹೋಗಲು ಒಂದು ಗೇಟ್ ವಾಲ್ವ್ ಹಾಕಿಸಿ, ಬಾಯಿಗೆ ಹಳೆಯ ಪಂಚೆ ಕಟ್ಟಿದೆ. ಉಳಿದಿದ್ದ ಪಿಎಚ್ ಪಟ್ಟಿಯನ್ನು ಆ ನೀರಿಗೆ ಅದ್ದಿದಾಗ ಆರರ ಹತ್ತಿರ ಬಂತು. ಎರಡು ತಿಂಗಳಲ್ಲಿ ಬಂದ ಹೊಸ ಚಿಗುರು ತಾಮ್ರದ ಬಣ್ಣದಿಂದ ನೇರವಾಗಿ ಕಡುಹಸಿರಿಗೆ ತಿರುಗಿತು. ಎಲೆಯ ಮೇಲೆ ಎಣ್ಣೆ ಸವರಿದಂಥ ಆ ಹೊಳಪನ್ನು ನನ್ನ ಹಿತ್ತಲಲ್ಲಿ ಅದಕ್ಕೆ ಮೊದಲು ನಾನು ಕಂಡಿರಲಿಲ್ಲ.

ಆದರೂ ನನಗೆ ಬಹಳ ಕಾಲ ಅರ್ಥವಾಗದೆ ಉಳಿದಿದ್ದ ವಿಷಯ ಒಂದಿತ್ತು: ಚಳಿಗಾಲದ ಈ ಹೂವಿನ ಕೆಲಸವೆಲ್ಲ ನಡೆಯುವುದು ಕಡುಬೇಸಿಗೆಯಲ್ಲಿ. ಹೂವು ಮುಗಿದ ಮೇಲೆ ಫೆಬ್ರವರಿ–ಮಾರ್ಚಿನಲ್ಲಿ ಗಿಡ ಒಂದು ಸುತ್ತು ಚಿಗುರುತ್ತದೆ. ಆ ಚಿಗುರು ಬಲಿತು ನಿಂತ ಮೇಲೆ, ಹಗಲು ಉದ್ದವಾಗಿ ರಾತ್ರಿಯೂ ಬೆಚ್ಚಗಿರುವ ದಿನಗಳಲ್ಲಿ, ಎಲೆಯ ಕಂಕುಳಲ್ಲಿ ಮೊಗ್ಗು ಕೂರುತ್ತದೆ. ಭರಣಿ, ಕೃತ್ತಿಕೆ ಮಳೆಗಳ ಹೊತ್ತಿಗೆ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರೆ ಕಾಣುತ್ತದೆ: ಒಂದೇ ಕಂಕುಳಲ್ಲಿ ಎರಡು ಮೊಳಕೆ, ಒಂದು ಸೂಜಿಯಂತೆ ಸಣ್ಣಗೆ ಚೂಪಾಗಿದ್ದರೆ ಅದು ಎಲೆಯದು, ಕೊತ್ತಂಬರಿ ಕಾಳಿನಂತೆ ದುಂಡಗಿದ್ದರೆ ಹೂವಿನದು. ಅಲ್ಲಿಂದ ಮುಂದೆ ಆರು ತಿಂಗಳು ಅದು ಬೆಳೆಯುತ್ತಲೇ ಇರುತ್ತದೆ, ಆದರೆ ನೋಡುವವರ ಕಣ್ಣಿಗೆ ಗಿಡ ಸುಮ್ಮನೆ ನಿಂತಂತೆ. ಆಗ ಬೇರು ಒಣಗಿದರೆ ಗಿಡ ಬಾಡಿ ದೂರು ಹೇಳುವುದೂ ಇಲ್ಲ; ಎಲೆ ದಪ್ಪ, ಹಾಗೇ ಹೊಳೆಯುತ್ತ ನಿಂತಿರುತ್ತದೆ. ದಂಡ ತೆರಬೇಕಾದದ್ದು ಕಾರ್ತಿಕದಲ್ಲಿ.

2024ರಲ್ಲಿ ನಾನು ಆ ದಂಡ ತೆತ್ತೆ. ಹಿಂದಿನ ವರ್ಷ ಮುಂಗಾರೂ ಕೈಕೊಟ್ಟು ಹಿಂಗಾರೂ ಕೈಕೊಟ್ಟು ಟ್ಯಾಂಕಿನಲ್ಲಿ ಅರ್ಧವೇ ಉಳಿದಿತ್ತು. ಏಪ್ರಿಲ್ ಮಧ್ಯದಲ್ಲಿ ತಳ ಕಂಡಿತು. ಒಂದು ತಿಂಗಳ ಮಾತಲ್ಲವೇ ಎಂದು ಕೊಳವೆಬಾವಿಯ ನೀರನ್ನೇ, ಅದೂ ಮೂರು ದಿನಕ್ಕೊಮ್ಮೆ, ಹಾಕಿದೆ. ಮೇ ತಿಂಗಳ ಮಳೆ ಬಂದ ಮೇಲೆ ಗಿಡ ಚೇತರಿಸಿಕೊಂಡಿತೆಂದೇ ನಂಬಿದ್ದೆ; ಆಗಸ್ಟಿನಲ್ಲಿ ಎಣಿಸಿದಾಗ ದೊಡ್ಡ ಗಿಡದಲ್ಲಿ ಅರವತ್ತನಾಲ್ಕು ಮೊಗ್ಗುಗಳಿದ್ದವು. ದಸರೆ ಕಳೆದ ವಾರದಿಂದ ಅವು ಒಂದೊಂದಾಗಿ ಉದುರತೊಡಗಿದವು. ಕೆಳಗೆ ಬಿದ್ದ ಮೊಗ್ಗನ್ನು ಬ್ಲೇಡಿನಿಂದ ಸೀಳಿ ನೋಡಿದರೆ ಹೊರಗಿನ ಪೊರೆಗಳು ಹಸಿರಾಗಿಯೇ ಇದ್ದು ಒಳಗಿನ ಕೇಸರಗಳೆಲ್ಲ ಕಪ್ಪು ದಾರದಂತಾಗಿದ್ದವು. ಕೊನೆಗೆ ಅರಳಿದ್ದು ಏಳು. ಆ ಬರದಲ್ಲಿ ಬೆಳೆ ಕಳೆದುಕೊಂಡವರ ನಡುವೆ ಐವತ್ತೇಳು ಮೊಗ್ಗಿನ ದುಃಖವನ್ನು ಯಾರೆದುರೂ ಹೇಳಿಕೊಳ್ಳುವಂತಿರಲಿಲ್ಲ. ಮುಂದಿನ ಮಳೆಗಾಲಕ್ಕೆ ಎರಡನೆಯ ಟ್ಯಾಂಕ್ ಹಾಕಿಸಿದೆ.

ಕತ್ತರಿಯ ವಿಷಯದಲ್ಲೂ ಇದೇ ಪಂಚಾಂಗ. ಸವರುವುದಿದ್ದರೆ ಹೂವು ಮುಗಿದ ಕೂಡಲೇ, ಸಂಕ್ರಾಂತಿಯಿಂದ ರಥಸಪ್ತಮಿಯೊಳಗೆ. ಮಳೆಗಾಲದಲ್ಲಿ ಕತ್ತರಿ ಆಡಿಸಿದರೆ ಕತ್ತರಿಸುವುದು ಹೂವನ್ನೇ. ಗೊಬ್ಬರವೂ ಆಗಲೇ, ಒಂದು ಹಿಡಿ ಎರೆಗೊಬ್ಬರ, ಅರ್ಧ ಹಿಡಿ ಬೇವಿನ ಹಿಂಡಿ, ಸಾಕು. ಬೂದಿ, ಮೊಟ್ಟೆಯ ಚಿಪ್ಪು, ಮೂಳೆಪುಡಿ ಹತ್ತಿರ ಸುಳಿಯಬಾರದು. ಚಹಾದ ಚರಟ ಹಾಕಿದರೆ ಮಣ್ಣು ಹುಳಿಯಾಗುತ್ತದೆಂದು ಹೇಳುವವರಿದ್ದಾರೆ; ಕುದಿಸಿ ಸೋಸಿದ ಚರಟದಲ್ಲಿ ಅಷ್ಟು ಹುಳಿ ಉಳಿದಿರುವುದಿಲ್ಲ, ಮತ್ತು ದಾಯಾದಿಯ ಎಂಜಲನ್ನು ಬಡಿಸುವುದು ನನಗೇನೋ ಸರಿ ಕಾಣುವುದಿಲ್ಲ. ರೋಗರುಜಿನ ಕಡಿಮೆ. ಇರುವೆ ಸಾಲು ಹತ್ತಿತೆಂದರೆ ಎಲೆಯ ಅಡಿಯಲ್ಲಿ ಶಲ್ಕ ಕೀಟವೋ ಹಿಟ್ಟು ತಿಗಣೆಯೋ ಇದೆಯೆಂದು ಅರ್ಥ. ಬೇವಿನೆಣ್ಣೆಗೆ ಸ್ವಲ್ಪ ಸೋಪಿನ ನೀರು ಬೆರೆಸಿ ಸಂಜೆಯ ಹೊತ್ತು ಎಲೆಯ ಕೆಳಗೆ ತಾಗುವಂತೆ ಹೊಡೆದರೆ ಹೋಗುತ್ತವೆ.

ಇನ್ನು ಹೂವು. ಹಿಂದಿನ ಸಂಜೆ ತುದಿ ಬಿಚ್ಚಿದ ಮೊಗ್ಗು ಬೆಳಿಗ್ಗೆ ಏಳರ ಹೊತ್ತಿಗೆ ಅಂಗೈಯಗಲ ಆಗಿರುತ್ತದೆ. ಆರೇಳು ಎಸಳು, ಅಂಚು ಒಗೆದು ಒಣಗಿಸಿದ ವಾಯಿಲ್ ಸೀರೆಯ ಸೆರಗಿನಂತೆ ಸ್ವಲ್ಪ ಮುದುಡಿ, ತುದಿಯಲ್ಲಿ ಒಂದು ಕಚ್ಚು. ನಡುವೆ ನೂರಾರು ಹಳದಿ ಕೇಸರಗಳ ಒತ್ತಾದ ಕುಚ್ಚು. ತುಡುವೆ ಜೇನು ಚಳಿಯಲ್ಲೂ ಬಂದು ಆ ಕುಚ್ಚಿನೊಳಗೆ ಪೂರಾ ಮುಳುಗಿ, ಕಾಲಿಗೆ ಹಳದಿ ಉಂಡೆ ಕಟ್ಟಿಕೊಂಡು ಏಳುತ್ತದೆ. ಜಪಾನಿಕಕ್ಕೆ ಸಾಮಾನ್ಯವಾಗಿ ಇಲ್ಲದ ಒಂದು ತೆಳು ಪರಿಮಳ ಇದಕ್ಕಿದೆ. ಮಲ್ಲಿಗೆಯ ಮೂಗಿಗೆ ಅದು ದಕ್ಕುವುದಿಲ್ಲ, ಚಹಾ ಪುಡಿಯ ಡಬ್ಬ ತೆರೆದಾಗ ಬರುವ ಗಾಳಿಗೆ ಹತ್ತಿರದ್ದು. ಇನ್ನೊಂದು ವ್ಯತ್ಯಾಸ ಉದುರುವುದರಲ್ಲಿದೆ. ಜಪಾನಿಕದ ಹೂವು ತೊಟ್ಟು ಕಳಚಿ ಇಡಿಯಾಗಿ ಬೀಳುತ್ತದೆ. ಕಡಿದ ತಲೆ ಉರುಳಿದಂತೆಂದು ಸಮುರಾಯಿಗಳು ಅದನ್ನು ಅಪಶಕುನವೆಂದು ಭಾವಿಸುತ್ತಿದ್ದರೆಂಬ ಮಾತು ಜಪಾನಿನಲ್ಲಿ ಪ್ರಚಲಿತವಾಗಿದೆ. ಸಸಾಂಕ್ವ ಎಸಳೆಸಳಾಗಿ ಉದುರುತ್ತದೆ. ಇಡಿಯಾಗಿ ಬಿದ್ದ ಪಾರಿಜಾತವನ್ನು ನೆಲದಿಂದಲೇ ಆಯ್ದು ದೇವರಿಗೇರಿಸುವ ನಮ್ಮ ಕಡೆಯವರಿಗೆ ಆ ಅಪಶಕುನ ವಿಚಿತ್ರವೆನಿಸೀತು.

ಪಕ್ಕದ ಮನೆಯಾಕೆಯ ಸಂಸಾರ ಹೊಲದಲ್ಲಿ ಸೇವಂತಿಗೆ ಬೆಳೆಯುವಂಥದ್ದು. ಹೂವನ್ನು ಮೊಳದಲ್ಲಿ, ಕೆಜಿಯಲ್ಲಿ, ಹಬ್ಬದ ಹಿಂದಿನ ದಿನದ ಧಾರಣೆಯಲ್ಲಿ ಅಳೆಯುವ ಆಕೆಗೆ ಈ ಗಿಡದ ಮೇಲೆ ಮೊದಲಿನಿಂದ ಗುಮಾನಿ. ಒಂದು ಶುಕ್ರವಾರ ನಾಲ್ಕು ಹೂ ಬಿಡಿಸಿಕೊಂಡು ಹೋಗಿ, ಬಾಳೆನಾರಿನಲ್ಲಿ ಕಟ್ಟಲು ಕೂತು, ಅರ್ಧ ಗಂಟೆಯಲ್ಲಿ ತಿರುಗಿ ಬಂದಳು. ಅಂಗೈಯಲ್ಲಿ ಬರಿಯ ಎಸಳುಗಳಿದ್ದವು. "ಗಂಟು ಬಿಗಿದರೆ ಬಿಚ್ಚಿಹೋಗುತ್ತೆ ಟೀಚರಮ್ಮ. ದಂಡೆಗೂ ಬರಲ್ಲ, ಮುಡಿಗೂ ನಿಲ್ಲಲ್ಲ, ಯಾಕೆ ಸಾಕ್ತೀರಿ ಇದನ್ನ?" ನಾನು ಕೊಡಬಹುದಾಗಿದ್ದ ಉತ್ತರಗಳಲ್ಲಿ ಯಾವುದೂ ಮಾರುಕಟ್ಟೆಗೆ ನಿಲ್ಲುವಂಥದ್ದಾಗಿರಲಿಲ್ಲ. ಎಸಳುಗಳನ್ನು ಆಕೆ ದೇವರ ಮುಂದಿನ ನೀರಿನ ಬಟ್ಟಲಲ್ಲಿ ತೇಲಿಬಿಟ್ಟಳೆಂದು ಆಮೇಲೆ ತಿಳಿಯಿತು.

ಕಳೆದ ಆಷಾಢದಲ್ಲಿ ದೊಡ್ಡ ಗಿಡದ ಪೆನ್ಸಿಲ್ ದಪ್ಪದ ಎರಡು ಕೊಂಬೆಗಳಿಗೆ, ಗಿಡದಲ್ಲಿರುವಾಗಲೇ ಬೇರು ಬರಿಸಲು, ಗೂಟಿ ಕಟ್ಟಿದೆ. ಒಂದು ಅಂಗುಲದಷ್ಟು ತೊಗಟೆ ಸುತ್ತಲೂ ಬಿಡಿಸಿ, ಒಳಗಿನ ಜಾರುವ ಪದರವನ್ನು ಕೆರೆದು, ನೆನೆಸಿ ಹಿಂಡಿದ ಪಾಚಿ ಸುತ್ತಿ, ಪ್ಲಾಸ್ಟಿಕ್ಕಿನಿಂದ ಬಿಗಿದದ್ದಷ್ಟೆ. ದಾಳಿಂಬೆಗೆ ಗೂಟಿ ಕಟ್ಟಿ ಪಳಗಿದ ಪಕ್ಕದ ಮನೆಯಾಕೆಯೇ ಗಂಟು ಹಾಕಿಕೊಟ್ಟಳು. ನನ್ನ ಗಂಟು ಸಡಿಲವೆಂದು ಬೈದಳೂ ಕೂಡ. ಒಂದು ಒಣಗಿತು. ಇನ್ನೊಂದರಲ್ಲಿ ಮೂರು ತಿಂಗಳ ಮೇಲೆ ಪ್ಲಾಸ್ಟಿಕ್ಕಿನ ಒಳಗಿನಿಂದ ಬಿಳಿಯ ಬೇರುಗಳು ಒತ್ತಿ ನಿಂತದ್ದು ಕಂಡಿತು. ಅದನ್ನು ಕಡಿದು ಆಕೆಗೇ ಕೊಟ್ಟೆ. ಬೇಡವೆನ್ನುತ್ತಲೇ ತೆಗೆದುಕೊಂಡು ಹೋಗಿ ಖಾಲಿಯಾದ ಪೇಂಟ್ ಬಕೆಟ್ಟಿನಲ್ಲಿ ನೆಟ್ಟಳು.

ಈ ವರ್ಷ ಮೇ ತಿಂಗಳಿಂದ ಆಕೆ ದಿನ ಬಿಟ್ಟು ದಿನ ಬಿಂದಿಗೆ ಹಿಡಿದು ನಮ್ಮ ಟ್ಯಾಂಕಿನ ನಲ್ಲಿಯ ಮುಂದೆ ನಿಲ್ಲುತ್ತಾಳೆ. "ನಮ್ಮ ಬೋರ್ ನೀರು ಇದಕ್ಕಾಗಲ್ಲವಂತಲ್ಲ, ಒಂದು ಬಿಂದಿಗೆ ಮಳೆನೀರು ಕೊಡಿ." ಮೊನ್ನೆ ನೀರಿನ ಜೊತೆಗೆ ನನ್ನನ್ನೂ ಕರೆದುಕೊಂಡು ಹೋಗಿ, ಬಕೆಟ್ಟಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಕಿರುಬೆರಳಿನಿಂದ ಒಂದು ಎಲೆಯನ್ನು ಪಕ್ಕಕ್ಕೆ ಸರಿಸಿ, "ಇದು ಎಲೆಯದೋ ಹೂವಿನದೋ ನೋಡಿ ಹೇಳಿ" ಎಂದಳು. ಕನ್ನಡಕ ಮನೆಯಲ್ಲೇ ಉಳಿದಿತ್ತು. ಬೆರಳ ತುದಿಯಿಂದ ಮೆಲ್ಲಗೆ ಮುಟ್ಟಿ ನೋಡಿದೆ, ದುಂಡಗಿತ್ತು.